ಟೆಸ್ಸಾಳ ಕಂಬಳಿಯ ಕಪ್ಪೆ

ಏಪ್ರಿಲ್ ೩, ಬೆಳಿಗ್ಗೆ

ಮಳೆ. ಎರಡನೇ ಕಾಫಿ. ನೀಲಿ ಕಂಬಳಿಗೆ ಕೆಂಪು ಕಪ್ಪೆ ಹೊಲಿಯುತ್ತಿದ್ದೇನೆ. ಸುತ್ತ ಚಿಪ್ಪಿನ ಗುಂಡಿ ಹಚ್ಚುವುದು ಬಾಕಿ. ಜೂನ್‌ನ ಊರ ಔತಣದಲ್ಲಿ ಎಲ್ಲರೂ ತಮ್ಮ ಕುಲದ ಗುರುತು ಹೊದ್ದು ಕುಣಿಯುತ್ತಾರೆ; ಮೊಮ್ಮಗಳು ಟೆಸ್ಸಾಗೆ ಇದನ್ನೇ ಹೊದ್ದು ಕುಣಿಯಬೇಕಂತೆ. "ನಾನೀ, ನಂಗೂ ನಿನ್ನ ಕಪ್ಪೇನೇ ಬೇಕು!" ನಾನೀ ಅಂದರೆ ನಮ್ಮ ಮಾತಲ್ಲಿ ಅಜ್ಜಿ; ಹಾಗೆ ಕರೆದು ಕೇಳಿದರೆ ಬೇಡ ಅನ್ನುವುದು ಹೇಗೆ?

ತಪ್ಪೆಂದು ಗೊತ್ತು. ನಮ್ಮ ಈ ಕಡಲತೀರದ ಊರಲ್ಲಿ ಕುಲಗಳಿರುವುದೇ ಎರಡು ಕಡೆ — ಹದ್ದು, ಕಾಗೆ. ಕಪ್ಪೆ ಹದ್ದಿನ ಕಡೆಯ ನಮ್ಮ ಮನೆತನದ ಗುರುತು. ಅದು ಬರುವುದು ತಾಯಿಯಿಂದ. ನನ್ನಿಂದ ಮಗನಿಗೆ ಬಂತು, ಅವನ ಮಗಳಿಗೆ ಬರದು. ಸೊಸೆ ಕ್ಯಾರೆನ್ ದೂರದ ಗೋಧಿ ಬಯಲಿನವಳು, ಯಾವ ಕಡೆಯೂ ಇಲ್ಲ. ಹಾಗಾಗಿ ಮಗುವಿಗೂ ಇಲ್ಲ... ಐದು ವರ್ಷದ ಕೂಸು ಬೆಂಚಿನ ಮೇಲೆ ಕೂತು ಎಲ್ಲರ ಕುಣಿತ ನೋಡುವುದೇ?

ಏಪ್ರಿಲ್ ೯

ಬಾಗಿಲು ತಟ್ಟದೆ ನುಗ್ಗಿದಳು ನಾದಿನಿ ವರ್ನಾ. ನನ್ನ ಗಂಡ ಹೋದಮೇಲೂ ಅವನ ತಂಗಿಯ ದರ್ಬಾರು ತಪ್ಪಿಲ್ಲ. ಕೈಯಲ್ಲಿ ನನ್ನ ಅಡುಗೆಗೆಂದು ಬಕೆಟ್ ತುಂಬ ಮೀನಿನ ಮೊಟ್ಟೆ, ಅಂಟಿದ ಕಡಲ ಪಾಚಿಯ ಸಮೇತ. ಕಂಬಳಿ ಬಚ್ಚಿಡಲಾಗಲಿಲ್ಲ.

"ಯಾರಿಗೆ ಅತ್ತಿಗೆ ಇದು?"

"ಟೆಸ್ಸಾಗೆ."

"ತಲೆ ಕೆಟ್ಟಿದೆಯಾ? ಊರೋರ ಮುಂದೆ ಯಾರಾದ್ರೂ ಎದ್ದು, ತೆಗೀರಿ ಅದನ್ನ ಅಂದ್ರೆ? ಅಳೋದು ನೀನಲ್ಲ, ಆ ಮಗು."

ಕಾಫಿಯನ್ನೂ ಕುಡಿಯದೆ ಹೋದಳು. ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ಸರಿ, ಅದಕ್ಕೇ.

ಏಪ್ರಿಲ್ ೧೦

ಕಪ್ಪೆ ಬಿಚ್ಚಿದೆ. ಟೆಸ್ಸಾ ಪಕ್ಕದಲ್ಲೇ ನಿಂತಿದ್ದಳು. "ಅದು ಎಲ್ಲಿಗೆ ಹೋಗತ್ತೆ ನಾನೀ?" ಅತ್ತುಬಿಟ್ಟೆ.

ಏಪ್ರಿಲ್ ೨೧

ಸೊಕ್ಕು ಮನೆಯಲ್ಲಿಟ್ಟು ವರ್ನಾ ಹತ್ತಿರ ಹೋದೆ. ಅವಳದು ಕಾಗೆಯ ಕಡೆ. ಕ್ಯಾರೆನ್‌ಳನ್ನು ಅವಳು ಮಗಳಾಗಿ ದತ್ತು ತೆಗೆದುಕೊಂಡರೆ ಟೆಸ್ಸಾಳೂ ಆ ಕಡೆಗೆ ಸೇರುತ್ತಾಳೆ. ಕೇಳಿದೆ.

ಮೀನು ಸೀಳುವುದನ್ನು ನಿಲ್ಲಿಸಲಿಲ್ಲ ಪುಣ್ಯಾತ್ಗಿತ್ತಿ. "ಈಗ ಬಂತಾ ಬುದ್ಧಿ? ಯಾವತ್ತೋ ಮನಸಲ್ಲೇ ಮಗಳು ಮಾಡ್ಕೊಂಡಿದೀನಿ. ಕೇಳ್ಬೇಕಾದೋಳು ನೀನು. ಕಾಯ್ತಾ ಇದ್ದೆ."

"ಕಂಬಳಿ?"

"ನಮ್ಮದನ್ನ ನಾವೇ ಹೊಲ್ಕೊಳ್ಳೋಕಾಗತ್ತಾ? ಎದುರು ಕಡೆಯೋರೇ ಹೊಲೀಬೇಕು. ನೀನೇ ಹೊಲಿ!"

ತನ್ನ ಮನೆತನದ ಗುರುತಾದ ತಿಮಿಂಗಿಲದ ನಕ್ಷೆ ಕೈಗಿಟ್ಟಳು. ಬೆನ್ನ ರೆಕ್ಕೆ ನೆಟ್ಟಗೆ, ಬಾಯ್ತುಂಬ ಹಲ್ಲು. ಥೇಟ್ ಅವಳೇ. ಅವಳ ಮೇಲೆ ಪ್ರೀತಿ ಉಕ್ಕಿತು; ನಕ್ಷೆ ಮಡಚಿಕೊಂಡು ಬಂದೆ.

ಜೂನ್ ೬, ಔತಣದ ದಿನ

ದತ್ತು ಮಗಳಿಗೆಂದು ವರ್ನಾ ಕೊಟ್ಟ ಹೊಸ ಹೆಸರನ್ನು ಕ್ಯಾರೆನ್ ಕನ್ನಡಿಯ ಮುಂದೆ ಉರು ಹಾಕುತ್ತಿದ್ದಾಳೆ. ಹೊರಗೆ ವರ್ನಾಳ ಹಾರ್ನ್.

ಟೆಸ್ಸಾ ತಿಮಿಂಗಿಲ ಹೊದ್ದಾಯಿತು. ನನ್ನ ಹಳೇ ಕಂಬಳಿ ತೆಗೆದೆ. ಬೆನ್ನಿಗೆ ದೊಡ್ಡ ಕಪ್ಪೆ, ಕೆಳಗೆ ಮೊನ್ನೆ ವರ್ನಾಳಿಂದ ಹೊಲಿಸಿಕೊಂಡ ಚಿಕ್ಕದು. ಟೆಸ್ಸಾಳ ಕಂಬಳಿಯಿಂದ ಬಿಚ್ಚಿದ್ದೇ. ನನ್ನ ಬೆನ್ನಿಗಾದರೆ ಯಾರೂ ಏನೂ ಅನ್ನುವಂತಿಲ್ಲ.

ನೋಡಿದ್ದೇ ಟೆಸ್ಸಾ ಕುಣಿದಾಡಿದಳು. "ಇಲ್ಲೇ ಬಂದಿದೆ! ನಾನೀ, ಕುಣಿಯುವಾಗ ಬೆನ್ನು ತಿರುಗಿಸ್ತೀಯಲ್ಲ, ಆಗ ನಾನು ನನ್ನ ಕಪ್ಪೇನ ನೋಡ್ತೀನಿ!"

ಹಾರ್ನ್ ಮತ್ತೆ. ಕನ್ನಡಕ ಒದ್ದೆ, ಬರೆಯಲು ಏನೂ ಕಾಣುತ್ತಿಲ್ಲ. ಹೊರಟೆ.