ದೀಪ ಹಚ್ಚಿದ ಮೇಲೆ ಬಂದ ಉಪ್ಪುನೀರು

ಅತ್ತೆ,

ನೀವು ಎಲ್ಲೇ ಕೂತಿದ್ದರೂ ಇಷ್ಟು ಹೊತ್ತಿಗೆ ಗೊಣಗಲು ಶುರು ಮಾಡಿರುತ್ತೀರಿ. "ಹೊಸ ಮನೆಗೆ ಹೋಗಿ ಇಷ್ಟು ದಿವ್ಸ ಆಯ್ತು, ಒಂದು ಮಾತು ಹೇಳಾಕೆ ನಿಂಗೆ ಈಗ ಪುರುಸೊತ್ತು ಬಂತೇನಮ್ಮಿ?" ಅಂತ. ಹೌದು, ಈಗ ಬಂತು. ಇವತ್ತು ಭಾನುವಾರ. ನಿಮ್ಮ ಮಗ ಓವರ್‌ಟೈಮ್ ಅಂತ ಫ್ಯಾಕ್ಟರಿಗೆ ಹೋಗಿದ್ದಾರೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಯಾವ ಸಾರು ಅಂತ ಕೊನೆಯಲ್ಲಿ ಹೇಳುತ್ತೇನೆ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಆ ಗಾಜಿನ ತೊಟ್ಟಿ ನಮ್ಮ ಹೊಸೂರಿನ ಬಾಡಿಗೆ ಮನೆಗೆ ಬಂದ ದಿನ ನಿಮಗೆ ನೆನಪಿರಬೇಕು. ನೀವು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಿರಿ. ಫ್ಯಾಕ್ಟರಿಯ ಆಫೀಸಿನಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ ನಿಮ್ಮ ಮಗನಿಗೆ ತಲೆ ಕೆಟ್ಟಿತ್ತು, ಅಂಥದ್ದೇ ಒಂದನ್ನು ತಂದು ನಡುಮನೆಯಲ್ಲಿ ಇಟ್ಟು ಉಪ್ಪು ಕಲಸುತ್ತಾ ನಿಂತರು. ನೀವು ಅವರನ್ನೇ ಸ್ವಲ್ಪ ಹೊತ್ತು ನೋಡಿ, "ಅಲ್ಲ ಕಣ್ಲಾ ಮಂಜ, ನಾವು ಕುಡಿಯಾಕೆ ಕ್ಯಾನ್ ನೀರಿಗೆ ಕಾಯ್ತಾ ಕೂತಿರ್ತೀವಿ, ನೀನು ಅದೇ ನೀರಿಗೆ ಉಪ್ಪು ಸುರ್ದು ಮೀನಿಗೆ ಕೊಡ್ತೀಯಾ?" ಅಂದಿರಿ. ಆದರೆ ಆ ಕಿತ್ತಳೆ ಮೈಯ ಬಿಳಿ ಪಟ್ಟಿಯ ಜೋಡಿ ಬಂದ ಮೇಲೆ ಆ ತೊಟ್ಟಿ ಯಾರದಾಯಿತು? ನಿಮ್ಮದೇ. ಈ ಜಾತಿಯಲ್ಲಿ ದೊಡ್ಡದು ಹೆಣ್ಣು, ಗಂಡು ಅದರ ಹಿಂದೆ ಹಿಂದೆ ಓಡಾಡಿಕೊಂಡಿರುತ್ತದೆ ಅಂತ ಇವರು ಹೇಳಿದಾಗ ನೀವು ನನ್ನ ಕಡೆ ತಿರುಗಿ, "ನಮ್ಮನೆ ನ್ಯಾಯನೇ ಅಲ್ಲೂ" ಅಂದು ದೊಡ್ಡದಕ್ಕೆ ಗೌಡ್ತಿ ಅಂತಲೂ ಚಿಕ್ಕದಕ್ಕೆ ಚಿಕ್ಕಣ್ಣ ಅಂತಲೂ ಹೆಸರಿಟ್ಟಿರಿ. ಮಾಲೂರಿನ ಕಡೆ ಹುಟ್ಟಿ, ಒಂದು ಸಲವೂ ಸಮುದ್ರ ನೋಡದ ನಿಮಗೆ ಅದರ ಮೇಲೆ ಅಷ್ಟು ಅಕ್ಕರೆ ಎಲ್ಲಿಂದ ಬಂತೋ.

ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಇಳಿದಿತ್ತು. ನಿಮ್ಮ ಮಗ ಮತ್ತೆ ಉಪ್ಪುನೀರು ಕಲಸಿ ಸುರಿಯಲು ಹೊರಟರು. ನೀವು ಕೈ ಹಿಡಿದುಕೊಂಡಿರಿ. "ಸಾರು ಕುದ್ದು ಕುದ್ದು ಗಟ್ಟಿಯಾದ್ರೆ ನೀರು ಹಾಕ್ತೀವೋ, ಇನ್ನೊಂದು ಮುಷ್ಟಿ ಉಪ್ಪು ಹಾಕ್ತೀವೋ? ಉಪ್ಪು ಎಲ್ಲಿಗ್ಲಾ ಹೋಗ್ತದೆ?" ಅವರು ಫೋನಿನಲ್ಲಿ ಹುಡುಕಿ ನೋಡಿದರು. ನೀವು ಹೇಳಿದ್ದೇ ಸರಿಯಾಗಿತ್ತು. ಅದೇ ಧೈರ್ಯದ ಮೇಲೆ ನೀವು ಇನ್ನೊಂದು ಕೆಲಸ ಮಾಡಿದಿರಿ. ಅವರು ಶಿಫ್ಟಿಗೆ ಹೋದದ್ದನ್ನು ನೋಡಿಕೊಂಡು, ಬಾಯಿ ಒಡೆದ ನಿಮ್ಮ ಮೊಸರಿನ ಕುಡಿಕೆಯನ್ನು ತೊಳೆದು ತೊಟ್ಟಿಯೊಳಗೆ ಮಲಗಿಸಿಬಿಟ್ಟಿರಿ. "ಮನೆ ಅಂದ್ಮೇಲೆ ಒಳಗೊಂದು ಕೋಣೆ ಬೇಡ್ವಾ?" ಇವರು ಬಂದು ಕೂಗಾಡುವ ಹೊತ್ತಿಗೆ ಗೌಡ್ತಿ ಅದರೊಳಗೆ ಸೇರಿ ಮುಖ ಮಾತ್ರ ಹೊರಗೆ ಹಾಕಿಕೊಂಡು ಕೂತಿದ್ದಳು. ಇನ್ನು ಯಾರು ತೆಗೆಸುತ್ತಾರೆ?

ಮೀನಿನ ಸಾರು ಮಾಡಿದ ದಿನಗಳಂತೂ ನನಗೆ ಮರೆಯುವುದೇ ಇಲ್ಲ. ಮಸಾಲೆ ರುಬ್ಬುವುದಕ್ಕೂ ಮೊದಲು ನೀವು ಹೋಗಿ ತೊಟ್ಟಿಯ ಮುಂದೆ ಟವೆಲ್ ಇಳಿಬಿಡುತ್ತಿದ್ದಿರಿ. "ಅವು ನೋಡಿದ್ರೆ ಏನಂದ್ಕೊಂಡಾವು?" ನಾನು ನಕ್ಕರೆ ಸಿಟ್ಟು ಬರುತ್ತಿತ್ತು. ಹಾಗಂತ ಮೀನು ತಿನ್ನುವುದನ್ನು ಬಿಟ್ಟಿರಾ? ಇಲ್ಲ. ಎರಡು ತುಂಡು ಜಾಸ್ತಿಯೇ ಹಾಕಿಸಿಕೊಳ್ಳುತ್ತಿದ್ದಿರಿ.

ನಮ್ಮಿಬ್ಬರಿಗೂ ನಿಜವಾದ ಜಗಳ ಆದದ್ದು ಒಂದೇ ವಿಷಯಕ್ಕೆ. ಕೆಳಗಿನ ಮನೆಯ ಸೆಲ್ವಿ ಒಂದು ಸಂಜೆ ಬಟ್ಟಲು ಹಿಡಿದುಕೊಂಡು ಉಪ್ಪು ಕೇಳಲು ಬಂದಳು. ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು ಆಚೆ ಹೋಗಬಾರದು, ಲಕ್ಷ್ಮಿ ಜೊತೆಗೆ ಹೊರಟುಬಿಡುತ್ತಾಳೆ ಅಂತ ನೀವು ಪಟ್ಟು ಹಿಡಿದಿರಿ. ನನಗೋ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೆ ನೀವು ಅವಳನ್ನು ಬರಿಗೈಯಲ್ಲಿ ಕಳಿಸಲಿಲ್ಲ. "ಉಪ್ಪು ಕೊಡಂಗಿಲ್ಲ ಕಣಮ್ಮ. ನಿನ್ನ ಪಲ್ಯನೇ ಇಲ್ಲಿಗೆ ತಗೊಂಬಾ, ನಾನು ಉಪ್ಪು ಹಾಕಿ ಕೊಡ್ತೀನಿ." ಸೆಲ್ವಿ ಬಾಣಲೆ ಸಮೇತ ಮೆಟ್ಟಿಲು ಹತ್ತಿ ಬಂದಳು. ನೀವು ರುಚಿ ನೋಡಿ ಉಪ್ಪು ಹಾಕಿ, ಕಾಯಿತುರಿಯನ್ನೂ ಉದುರಿಸಿ ಕಳಿಸಿದಿರಿ. ಇದೆಂಥ ಶಾಸ್ತ್ರ ಅಂತ ನಾನು ಆ ರಾತ್ರಿಯೆಲ್ಲ ನಿಮ್ಮನ್ನು ಆಡಿಕೊಂಡೆ. ಅದೇ ಶಾಸ್ತ್ರ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ನೀವು ನನ್ನ ಕೈ ಹಿಡಿದುಕೊಂಡಿರಿ. ಏನು ಕೇಳುತ್ತೀರೋ ಅಂತ ಹತ್ತಿರ ಬಗ್ಗಿದೆ. "ಮತ್ತಿಗಿರಿ ಮನೆಗೆ ಹೋಗುವಾಗ ಅವೆರಡ್ನೂ ಯಾರಿಗೂ ಕೊಟ್ಬುಡ್ಬೇಡ ಕಣಮ್ಮಿ. ಒಂದನ್ನ ಬಿಟ್ಟು ಒಂದು ಇರಾಕಿಲ್ಲ" ಅಂದಿರಿ. ಕೊಡಲ್ಲ ಅಂದೆ. ಮತ್ತಿಗಿರಿಯ ಸ್ವಂತ ಮನೆಗೆ ಬಾಗಿಲು ಕೂರಿಸುವ ಮೊದಲೇ ನೀವು ಹೊರಟುಹೋದಿರಿ. ಗೃಹಪ್ರವೇಶ ಹತ್ತಿರ ಬಂದಾಗ ನಿಮ್ಮ ಮಗ, ಸಮುದ್ರದ ತೊಟ್ಟಿಯನ್ನು ಜಾಗ ಬದಲಿಸುವುದು ಕಷ್ಟ, ನೀರು ಕೆಟ್ಟರೆ ಮೀನು ಉಳಿಯಲ್ಲ, ಅಂಗಡಿಗೆ ಕೊಟ್ಟುಬಿಡೋಣ ಅಂದರು. ನಾನು ಒಪ್ಪಲಿಲ್ಲ. ನಿಮಗೆ ಕೊಟ್ಟ ಮಾತು ಅದು.

ಸಾಮಾನು ಸಾಗಿಸಿದ ದಿನ ಮಿನಿ ಲಾರಿಯ ಹಿಂದೆ, ಹಾಸಿಗೆಗಳ ನಡುವೆ ನಾನು ಕೂತಿದ್ದೆ. ತೊಡೆಯ ಮೇಲೆ ಮುಚ್ಚಳದ ಬಕೆಟ್, ಅದರಲ್ಲಿ ಹಳೆಯ ನೀರು, ಗೌಡ್ತಿ, ಚಿಕ್ಕಣ್ಣ, ಜೊತೆಗೆ ನಿಮ್ಮ ಕುಡಿಕೆ. ಎಷ್ಟು ಮಾಡಿದರೂ ಗೌಡ್ತಿ ಅದರಿಂದ ಈಚೆ ಬರಲಿಲ್ಲ, ಕುಡಿಕೆ ಸಮೇತ ಎತ್ತಿದ್ದೆವು. ತೊಟ್ಟಿಯ ಕಲ್ಲು, ಮರಳು, ನೀರು ಸೋಸುವ ಸ್ಪಂಜು ಎಲ್ಲ ಬೇರೆ ಟಬ್ಬಿನಲ್ಲಿದ್ದವು. ಇವರು ಎರಡನೇ ಲೋಡಿಗೆ ವಾಪಸ್ ಹೋದರು, ನಾನು ಅಡುಗೆಮನೆ ಜೋಡಿಸುತ್ತಿದ್ದೆ. ಸಹಾಯಕ್ಕೆ ಬಂದಿದ್ದ ನಿಮ್ಮ ಮಗಳು ರತ್ನ ಆ ಟಬ್ಬನ್ನು ಬೋರ್ ನಲ್ಲಿಯ ಕೆಳಗೆ ಎಳೆದುಕೊಂಡು, ಪಾತ್ರೆ ಉಜ್ಜುವ ನಾರಿನಿಂದ ಒಂದೊಂದು ಕಲ್ಲನ್ನೂ ತಿಕ್ಕಿ, ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದು, ಸ್ಪಂಜನ್ನು ಹಿಂಡಿ ಬಿಸಿಲಿಗೆ ಹಾಕಿದ್ದಳು. ಎಲ್ಲ ಫಳಫಳ ಹೊಳೆಯುತ್ತಿದ್ದವು. "ಅಮ್ಮನ ಸಾಮಾನು ಅತ್ತಿಗೆ, ಪಾಚಿ ಕಟ್ಕೊಂಡು ಹೊಸ ಮನೆ ಒಳಗೆ ಬರ್ಬಾರ್ದು" ಅಂದಳು. ಅವಳ ಕಣ್ಣು ಕೆಂಪಾಗಿತ್ತು.

ನಿಮ್ಮ ಮಗ ಬಂದು ಅದನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಪಾಚಿಯ ಜೊತೆಗೇ ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ ಇರುತ್ತವಂತೆ. ಮೀನಿನ ಕೊಳೆಯಿಂದ ಹುಟ್ಟುವ ವಿಷವನ್ನು ತಿಂದು ನೀರನ್ನು ಹದವಾಗಿ ಇಡುವುದು ಅವೇ. ಬೋರ್ ನೀರಿಗೂ ಬಿಸಿಲಿಗೂ ಅವೆಲ್ಲ ಹೋಗಿದ್ದವು. ರತ್ನನಿಗೆ ಇದು ಅರ್ಥವಾಗಲಿಲ್ಲ. "ಹಾಲು ಕಾಯಿಸಿ ಇಟ್ಟಿದ್ದೀವಿ, ಆದರೆ ಹೆಪ್ಪು ತೊಳೆದುಕೊಂಡು ಹೋಗಿದೆ" ಅಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ಅಮ್ಮನ ಮೀನು ನಾನೇ ಸಾಯಿಸ್ಬುಟ್ನಾ?" ಇನ್ನೂ ಇಲ್ಲ ಅಂದೆ. ಆದರೆ ನನಗೂ ಭಯವಾಗಿತ್ತು.

ಕ್ಯಾನುಗಳಲ್ಲಿ ತಂದಿದ್ದ ಹಳೆಯ ನೀರನ್ನೇ ತೊಟ್ಟಿಗೆ ತುಂಬಿಸಿ ಮೀನು ಬಿಟ್ಟೆವು. ಮೊದಲೆರಡು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗೌಡ್ತಿ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ತೆರೆದು ಉಸಿರಾಡುತ್ತಿದ್ದಳು. ಕಾಳು ಹಾಕಿದರೂ ತಿರುಗಿ ನೋಡಲಿಲ್ಲ. ಚಿಕ್ಕಣ್ಣ ಮೂಲೆಯಲ್ಲಿ ವಾಲಿಕೊಂಡು ನಿಂತಿದ್ದ. ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಇವರು ಕಲಿಸಿದ್ದ ಹಾಗೆ ಔಷಧಿಯ ಹನಿ ಹಾಕಿ ಅಲ್ಲಾಡಿಸಿದೆ. ಹಳದಿ ಬಂದರೆ ನೀರು ಚೆನ್ನಾಗಿದೆ ಅಂತ, ಹಸಿರು ಬಂದರೆ ಅಮೋನಿಯಾ ಅನ್ನುವ ವಿಷ ಏರಿದೆ ಅಂತ. ಅವತ್ತು ಬಂದದ್ದು ಸೊಪ್ಪಿನ ಸಾರಿನ ಹಸಿರು. ಅರ್ಧ ನೀರು ಇವತ್ತೇ ಬದಲಾಯಿಸಬೇಕು, ನಾಳೆಯವರೆಗೆ ತಡೆಯಲ್ಲ ಅಂತ ಇವರು ಫ್ಯಾಕ್ಟರಿಯಿಂದ ಫೋನಿನಲ್ಲಿ ಹೇಳಿದರು. ಬದಲಾಯಿಸಲು ಸಮುದ್ರದ ಉಪ್ಪೆಲ್ಲಿ? ನಮ್ಮ ಮೂಟೆ ಲಾರಿಯಲ್ಲೇ ಹರಿದು ದಾರಿಗೆಲ್ಲ ಚೆಲ್ಲಿಹೋಗಿತ್ತು. ಅಡುಗೆ ಉಪ್ಪು ಇದಕ್ಕೆ ಬರಲ್ಲ, ಬೆಂಗಳೂರಿನಿಂದ ತರಿಸಬೇಕು. ಕೊನೆಗೆ ಇವರ ಜೊತೆ ಕೆಲಸ ಮಾಡುವ ನಾಗರಾಜನ ನೆನಪಾಯಿತು. ನಮ್ಮದೇ ಮತ್ತಿಗಿರಿಯಲ್ಲಿ ಮನೆ, ಅವನ ಹತ್ತಿರವೂ ಇಂಥದ್ದೇ ತೊಟ್ಟಿ ಇದೆ. ಅವನೂ ಇವರ ಶಿಫ್ಟಿನಲ್ಲೇ ಇದ್ದ. "ಅಮ್ಮ ಇರ್ತಾರೆ, ಏನು ಬೇಕೋ ಇಸ್ಕೊಂಡು ಹೋಗಿ ಅಕ್ಕ" ಅಂದ. ಕ್ಯಾನು, ಬಕೆಟ್ಟು ಹುಡುಕಿ, ರತ್ನನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಹೊತ್ತಿಗೆ ಅವರ ಬಾಗಿಲಲ್ಲಿ ದೀಪ ಉರಿಯುತ್ತಿತ್ತು.

ನಾಗರಾಜನ ತಾಯಿ ಮುನಿಯಮ್ಮನವರನ್ನು ಬಾಗಿಲಲ್ಲಿ ಕಂಡಾಗ ನೀವೇ ನಿಂತಿದ್ದೀರಿ ಅನ್ನಿಸಿತು. ಅದೇ ಸೆರಗು ಸಿಕ್ಕಿಸಿಕೊಂಡ ರೀತಿ, ಅದೇ ಹುಬ್ಬು ಗಂಟು. ತೊರಪಲ್ಲಿ ಅಗ್ರಹಾರದ ಕಡೆಯವರು, ಕನ್ನಡದ ನಡುವೆ ತಮಿಳು ತಾನಾಗಿ ಬರುತ್ತದೆ. "ಬಾ ತಾಯೀ, ಉಳ್ಳೆ ಬಾ" ಅಂತ ಒಳಗೆ ಕೂರಿಸಿದರು. ಉಪ್ಪು ಅಂದ ಕೂಡಲೇ ಮುಖ ಬಿಗಿಯಾಯಿತು. "ಮೂಟೆ ಐತೆ. ಬೆಳಗ್ಗೆ ಎದ್ದೇಟ್ಗೆ ಬಾ, ಪೂರ್ತಿ ತಗೊಂಡೋಗು. ದೀಪ ಹಚ್ಚಾದ್ಮೇಲೆ ಉಪ್ಪು ಈಚೆಗೆ ಹೋಗಂಗಿಲ್ಲ."

"ಬೆಳಗ್ಗೆವರ್ಗೂ ಮೀನು ಇರಲ್ಲಮ್ಮ" ಅಂದಳು ರತ್ನ.

"ನಿಮ್ಮತ್ತೆ ಇದ್ದಿದ್ರೆ ಅವರು ಕೊಡ್ತಿದ್ರಾ, ಹೇಳು?" ಅಂತ ಅವರು ನನ್ನನ್ನೇ ಕೇಳಿದರು.

ಕೊಡುತ್ತಿರಲಿಲ್ಲ. ಖಂಡಿತ ಕೊಡುತ್ತಿರಲಿಲ್ಲ. ಆ ಮಾತಿಗೇ ಅಲ್ಲವೇ ಸೆಲ್ವಿಯ ಬಾಣಲೆ ನನ್ನ ಕಣ್ಣ ಮುಂದೆ ಬಂದದ್ದು? ನಾಗರಾಜನ ತೊಟ್ಟಿಯ ಪಕ್ಕದಲ್ಲಿ ದೊಡ್ಡ ನೀಲಿ ಡ್ರಮ್ಮಿತ್ತು. ಅವನು ತನ್ನ ಮೀನಿಗೆ ಅಂತ ಮೊದಲೇ ಉಪ್ಪು ಕಲಸಿ ಇಟ್ಟಿದ್ದ ನೀರು. "ನಮ್ಮತ್ತೆನೂ ಕೊಡ್ತಿರ್ಲಿಲ್ಲಮ್ಮ. ಆದ್ರೆ ಉಪ್ಪು ಹಾಕಿರೋ ಪಲ್ಯ ಕೊಡ್ತಿದ್ರು. ನಂಗೆ ಉಪ್ಪು ಬೇಡ, ಆ ಡ್ರಮ್ಮಿನ ನೀರು ಕೊಡಿ" ಅಂದೆ. ಮುನಿಯಮ್ಮ ಡ್ರಮ್ಮನ್ನು ನೋಡಿದರು, ದೇವರ ಕಡೆ ಒಮ್ಮೆ ನೋಡಿದರು. ಬಾಯಾರಿ ಬಂದವರಿಗೆ ನೀರು ಇಲ್ಲ ಅನ್ನುವ ಹಾಗಿಲ್ಲವಲ್ಲ. "ನೀರು ಎಷ್ಟು ಬೇಕಾದ್ರೂ ತಗೋ" ಅಂದು ತಾವೇ ಚೊಂಬು ತಂದು ಮೊಗೆದು, ಸಾಲದ್ದಕ್ಕೆ ತಮ್ಮದೊಂದು ಕ್ಯಾನನ್ನೂ ತುಂಬಿಸಿಕೊಟ್ಟರು. ಆಮೇಲೆ ನಾನು ಹೆಪ್ಪಿನ ಮಾತು ಎತ್ತಿದೆ, ಅವರ ತೊಟ್ಟಿಯಿಂದ ಪಾಚಿ ಕಟ್ಟಿದ ಒಂದು ಕಲ್ಲು ಕೇಳಿದೆ. ಅವರು ನಕ್ಕುಬಿಟ್ಟರು. "ಕಲ್ಲು ಕೊಡ್ಬಾರ್ದು ಅಂತ ನಮ್ಮತ್ತೆ ಹೇಳ್ಕೊಟ್ಟಿಲ್ಲ, ತಗೋ." ಅವರಿಗೂ ಒಬ್ಬ ಅತ್ತೆ ಇದ್ದರಲ್ಲ ಅಂತ ಅನ್ನಿಸಿತು. ನಿಮ್ಮನ್ನು ಆಗ ತುಂಬಾ ನೆನೆಸಿಕೊಂಡೆ, ನಿಜ ಹೇಳುತ್ತಿದ್ದೇನೆ.

ಅವತ್ತು ರತ್ನನೂ ನಾನೂ ಆ ಬೀದಿಯಲ್ಲಿ ಮತ್ತೆ ಮತ್ತೆ ಸ್ಕೂಟರ್ ಓಡಿಸಿ ನೀರು ಹೊತ್ತದ್ದನ್ನು ನೋಡಿ ಅಕ್ಕಪಕ್ಕದವರು ಹೊಸ ಮನೆಗೆ ಬೋರ್ ನೀರು ಬಂದಿಲ್ಲವೇನೋ ಅಂದುಕೊಂಡರು. ಎರಡೂ ನೀರಿನ ಉಪ್ಪು ಸಮ ಇದೆಯೇ, ಬಿಸಿ ಸಮ ಇದೆಯೇ ಅಂತ ನೋಡಿ, ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಟ್ಟೆವು. ಮುನಿಯಮ್ಮನವರ ಕಲ್ಲನ್ನು ನಿಮ್ಮ ಕುಡಿಕೆಯ ಪಕ್ಕ ಇಟ್ಟೆವು. ಇಡೀ ತೊಟ್ಟಿಯಲ್ಲಿ ತೊಳೆಯದೆ ಉಳಿದಿದ್ದದ್ದು ಆ ಕುಡಿಕೆ ಒಂದೇ. ಅದರಲ್ಲಿ ಸ್ವಲ್ಪ ಹಳೆಯ ಹೆಪ್ಪು ಉಳಿದೇ ಇತ್ತು ಅಂತ ಇವರು ಹೇಳುತ್ತಾರೆ. ಬೆಳಗ್ಗೆ ಗೌಡ್ತಿ ಕೆಳಗಿಳಿದು ಕುಡಿಕೆಯೊಳಗೆ ಕೂತಿದ್ದಳು. ಊರಿಗೆ ಹೋಗಬೇಕಿದ್ದ ರತ್ನ ಹೋಗಲಿಲ್ಲ. ಕಾಳು ಕಡಿಮೆ ಹಾಕುವುದು, ಆಗಾಗ ನೀರು ಬದಲಿಸುವುದು, ದಿನಾ ನಳಿಕೆಯಲ್ಲಿ ಬಣ್ಣ ನೋಡುವುದು, ಎಲ್ಲ ಅವಳದೇ. ಹಸಿರು ತಿಳಿಯಾಗುತ್ತಾ ಆಗುತ್ತಾ ಒಂದು ದಿನ ನಿಂಬೆಹಣ್ಣಿನ ಹಳದಿ ಬಂತು. ಅವಳು ಆ ನಳಿಕೆಯನ್ನು ತಗೊಂಡು ಹೋಗಿ ನಿಮ್ಮ ಫೋಟೋಗೆ ತೋರಿಸಿದಳು. ನೀವು ನೋಡಿದಿರೋ ಇಲ್ಲವೋ...

ಮುನಿಯಮ್ಮನವರ ಕ್ಯಾನನ್ನು ಖಾಲಿ ಕೊಡಬಾರದು ಅಂತ ಅದರ ಜೊತೆ ಅವರೆಕಾಯಿ ಕೊಟ್ಟು ಬಂದೆ. ಈಗ ಅವರು ವಾರಕ್ಕೊಮ್ಮೆ ಬಂದು ನಿಮ್ಮ ಸ್ಟೂಲಿನ ಮೇಲೆ ಕೂತು ನನ್ನ ಸಾರಿಗೆ ಹುಳಿ ಸಾಲದು ಅನ್ನುತ್ತಾರೆ. ನೀವು ಹೊಟ್ಟೆಕಿಚ್ಚು ಪಡಬೇಡಿ.

ಈಗ ಕೇಳಿ. ಇಷ್ಟು ಹೊತ್ತು ತಡೆದುಕೊಂಡದ್ದು ಇದಕ್ಕೇ. ಮೊನ್ನೆಯಿಂದ ಚಿಕ್ಕಣ್ಣ ಕುಡಿಕೆಯ ಹತ್ತಿರ ಯಾರನ್ನೂ ಸೇರಿಸುತ್ತಿರಲಿಲ್ಲ, ಗಾಜು ಒರೆಸಲು ಕೈ ಹಾಕಿದರೆ ನನ್ನ ಬೆರಳಿಗೇ ಬಂದು ಗುದ್ದಿದ. ಏನು ಬಂತು ಇವನಿಗೆ ಅಂತ ಟಾರ್ಚ್ ಹಾಕಿ ನೋಡಿದೆ. ನಿಮ್ಮ ಕುಡಿಕೆಯ ಒಳಗೋಡೆಗೆ ಕೇಸರಿಬಾತಿನ ರವೆ ಮೆತ್ತಿದ ಹಾಗೆ ಮೊಟ್ಟೆಗಳು. ಗೌಡ್ತಿ ಪಕ್ಕದಲ್ಲಿ ದೊಡ್ಡಸ್ತಿಕೆಯಿಂದ ನಿಂತಿದ್ದಾಳೆ. ಚಿಕ್ಕಣ್ಣ ಹಗಲೂ ರಾತ್ರಿ ರೆಕ್ಕೆಯಿಂದ ಗಾಳಿ ಬೀಸುತ್ತಾನೆ. ಮರಿ ಉಳಿಸುವುದು ಬಲು ಕಷ್ಟವಂತೆ, ನಾಗರಾಜನ ಮನೆಯಲ್ಲಿ ಒಂದು ಸಲವೂ ಉಳಿದಿಲ್ಲವಂತೆ. ನಾವು ಪ್ರಯತ್ನ ಮಾಡುತ್ತೇವೆ. ಒಂದು ಉಳಿದರೂ ಅದು ಮುನಿಯಮ್ಮನವರಿಗೆ, ಹಗಲು ಹೊತ್ತಿನಲ್ಲೇ ಕೊಡುತ್ತೇನೆ.

ಸಾರು ಕುದ್ದಿತು. ಮೀನಿನದು, ನಿಮಗೆ ಇಷ್ಟವಾದದ್ದೇ. ರುಬ್ಬುವುದಕ್ಕೆ ಮೊದಲೇ ತೊಟ್ಟಿಗೆ ಟವೆಲ್ ಹೊದಿಸಿದ್ದೇನೆ, ಮನೆಯಲ್ಲಿರುವ ದೊಡ್ಡ ಟವೆಲ್ಲನ್ನೇ. ಮಕ್ಕಳಿರುವ ಮನೆ, ನೋಡಿ.

ನಿಮ್ಮ ಸೊಸೆ