ಮನೆಯಲ್ಲಿಲ್ಲವಂತೆ

ಮಾರ್ಚ್ ೯

ಪ್ರೀತಿಯ ಮಗಳೇ,

ನೀವಿಬ್ಬರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು. ಕಮಿಟಿ ಮುಗಿಯಲಿ ಎಂದು ಕಾದೆ, ಮುಗಿಯಿತು.

ಇಂಗ್ಲಿಷ್ ಆಡುವ ದೇಶಗಳ ಟೆಲಿಫೋನ್ ಆಪರೇಟರುಗಳೆಲ್ಲ ಒಂದೇ ಬಗೆಯ ಮಾತು ಬಳಸಬೇಕೆಂದು ಎರಡು ವರ್ಷ ಕೂತೆವು. ಲೈನು 'ಎಂಗೇಜ್ಡ್' ಎನ್ನುವವರು ಮೇಜಿನ ಆ ಕಡೆ, 'ಬಿಜಿ' ಎನ್ನುವವರು ಈ ಕಡೆ. ಅವರವರು ಹಿಡಿದ ಮೊಲಕ್ಕೆ ಮೂರೇ ಕಾಲು. ದೂರದೂರಿನ ಕರೆಗೆ 'ಟ್ರಂಕ್ ಕಾಲ್' ಎಂಬ ಹೆಸರು ಉಳಿಯಬೇಕೋ ಬೇಡವೋ ಎಂಬುದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕಾರ್ಯದರ್ಶಿಗೆ ಮತವಿಲ್ಲ. ನಾನು ಬರೆದುಕೊಳ್ಳುತ್ತಿದ್ದೆ.

ಪಾರ್ಶ್ವವಾಯು ಬಡಿದ ಮೇಲೆ ನಿನ್ನಮ್ಮನ ಎಡಗೈ ಏಳುವುದಿಲ್ಲ. ನಾಲಿಗೆ ಮಾತ್ರ ಹಳೆಯದೇ ಇತ್ತು. "ಊರಿಗೆಲ್ಲ ಮಾತು ಹಂಚೋರು, ಮನೇಲಿ ಬಾಯಿಗೆ ಬೀಗ" ಎಂದು ನನ್ನನ್ನು ಹಂಗಿಸುತ್ತಿದ್ದಳು. ಮದುವೆಯ ದಿನ ನಿನ್ನ ಗಂಡನಿಗೆ ಅಂದದ್ದನ್ನು ತನ್ನ ಬಾಯಿಂದಲೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಬಾಯಿ ಇನ್ನೂ ನಡೆಯುವಾಗಲೇ: ಅವಳಿಗೆ ಉಳಿದದ್ದು ಅದೊಂದೇ. ಅದಕ್ಕೇ ಪ್ರತಿ ಭಾನುವಾರ ನಿನ್ನ ಹೆಸರಿಗೆ ಪಿ.ಪಿ. ಕಾಲ್ ಬುಕ್ ಮಾಡುತ್ತಿದ್ದೆ, ನೀನೇ ಬಂದರೆ ಮಾತ್ರ ಜೋಡಿಸುವಂಥದ್ದು. ಮನೆಯಲ್ಲಿಲ್ಲವಂತೆ ಎನ್ನುತ್ತಿದ್ದಳು ನಿಮ್ಮ ಕಡೆಯ ಆಪರೇಟರ್. ರಜೆಯ ದಿನ, ಎಲ್ಲೋ ಹೋಗಿರುತ್ತಾರೆ ಎಂದುಕೊಂಡು ರಿಸೀವರ್ ಇಡುತ್ತಿದ್ದೆವು.

ಕಮಿಟಿಯ ಕೊನೆಯ ದಿನ ಚರ್ಚೆಗೆ ಬಂದದ್ದೂ ಈ ಪಿ.ಪಿ. ಕಾಲೇ. ಬೇಕಾದವರು ಮನೆಯಲ್ಲಿದ್ದೂ ಫೋನಿಗೆ ಬಾರದಿದ್ದರೆ ಏನೆನ್ನಬೇಕು? ಉಳಿದ ದೇಶಗಳಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರಂತೆ. ನೀನಿರುವ ದೇಶದಿಂದ ಬಂದ ಹಿರಿಯ ಮೇಲ್ವಿಚಾರಕಿ ಮಾತ್ರ, ತಮ್ಮ ಹುಡುಗಿಯರು ಆಗ ಮನೆಯಲ್ಲಿಲ್ಲ ಎಂದುಬಿಡುತ್ತಾರೆ, ಅದು ಮೊದಲಿನಿಂದ ಬಂದ ರೂಢಿ ಎಂದರು. ಅದು ಸುಳ್ಳಾಗಲಿಲ್ಲವೇ ಎಂದು ಅಧ್ಯಕ್ಷರು ಕೇಳಿದರು.

"ಸುಳ್ಳೇ. ಅಷ್ಟು ದೂರದಲ್ಲಿ ಕಾಯ್ತಿರೋರ ಕಿವೀಲಿ ನಿಜ ಹೇಳೋ ಕೆಲಸ ನೀವೇ ಒಂದು ದಿನ ಮಾಡಿ ನೋಡಿ, ಸಾರ್."

ಎಲ್ಲರೂ ನಕ್ಕರು. ಮತಕ್ಕೆ ಹಾಕಿದಾಗ ಆಕೆಯ ಪರವಾಗಿ ಎದ್ದದ್ದು ಆಕೆಯ ಕೈ ಒಂದೇ. ಅದನ್ನೂ ಬರೆದುಕೊಂಡೆ.

ಅಳಿಯಂದಿರಿಗೂ ನಿನಗೂ ಒಳ್ಳೆಯದಾಗಲಿ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ
ಅಪ್ಪ

ಮರೆತ ಮಾತು: ಹೊಸ ನಿಯಮ ಒಂದನೇ ತಾರೀಕಿನಿಂದ ಜಾರಿಗೆ ಬಂತು. ಮೊನ್ನೆ ಭಾನುವಾರ ಅದೇ ಆಪರೇಟರ್ "ಅವರು ಮನೆಯಲ್ಲಿದ್ದಾರೆ. ಮಾತನಾಡಲು ಒಪ್ಪುತ್ತಿಲ್ಲ" ಎಂದಳು, ನಾವು ಅಚ್ಚು ಹಾಕಿಸಿ ಕಳಿಸಿದ ಹಾಗೆಯೇ. ರಿಸೀವರಿಗೆ ಕಿವಿ ಹಚ್ಚಿದ್ದವಳು ನಿನ್ನಮ್ಮ, ನನಗೂ ಕೇಳಿಸಿತು. ಆಮೇಲೆ ಅವಳು ಮಾತಾಡಿಲ್ಲ. ನಾಲಿಗೆಗೆ ಏನೂ ಆಗಿಲ್ಲ ಎನ್ನುತ್ತಾರೆ ಡಾಕ್ಟರು.