ತಕ್ಕಡಿಯ ಮೇಲೆ ಬೆರಳು

ಹಡಗಲಿ, ಮಂಗಳವಾರ.

ನಿದ್ದೆ ಹತ್ತುತ್ತಿಲ್ಲ. ನಾಳೆ ಮೊಮ್ಮಗಳು ಕೋಮಲಾಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಹೆರಿಗೆ ಆಪರೇಷನ್. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಇಳಿಯದಂತೆ, ಡಾಕ್ಟರು ಉಸಿರಾಟದ ನಳಿಕೆ ಹಾಕಿ ‘ಬಿಡು’ ಎನ್ನುವತನಕ ಕೊರಳು ಒತ್ತಿ ಹಿಡಿಯಬೇಕಾದ ನರ್ಸು ಅವಳ ತಂಗಿ ಸಮತಾ.

ಸಂಜೆ ನಮ್ಮ ಅಂಗಡಿಯ ತಕ್ಕಡಿಯ ಮೇಲೆ ಬೆರಳೊತ್ತಿ ರೂಢಿ ಮಾಡುತ್ತಿದ್ದಳು. ಮೂರು ಕಿಲೋ ಭಾರ ಸಾಕಂತೆ.

“ನಾಕಾತು, ಕೈ ಹಗುರ ಮಾಡವ್ವಾ” ಎಂದು ಅಂಕಿ ನೋಡಿ ಹೇಳಿದೆ.

“ಬೆಲ್ಲ ತೂಗಾಕತ್ತೀ ಏನ ಲೇ? ನನ್ನ ಕೊರಳ ಇಲ್ಲೇ ಐತಿ, ಬಾ” ಎಂದು ಕೋಮಲಾ ನಕ್ಕಳು.

“ಎಚ್ಚರಿದ್ದಾಗ ಒತ್ತಬಾರದಕ್ಕಾ. ಜಾಗ ಅಷ್ಟ ನೋಡ್ತೀನಿ” ಎಂದು ಸಮತಾ ಬೆರಳಿಟ್ಟಳು.

ಅಕ್ಕ ಉಗುಳು ನುಂಗಿದಳು, ಬೆರಳಡಿ ಗಂಟಲು ಜಾರಿತು. ತಂಗಿ ಬೆಚ್ಚಿ ಕೈ ತೆಗೆದುಬಿಟ್ಟಳು.

ನಾಳೆ ಹಾಗೆ ತೆಗೆಯಬೇಡ ಎಂದು ಹೇಳಬೇಕಿತ್ತು. ಹೇಳಿದರೆ ಅವಳ ಅಂಜಿಕೆ ಇನ್ನಷ್ಟು ಹೆಚ್ಚೀತೇನೋ ಎಂದು ತಕ್ಕಡಿ ಎತ್ತಿಟ್ಟೆ. ಈಗಲೂ ಸಮತಾಳ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಹೋಗಿ ಹೇಳಲೋ ಬೇಡವೋ…